ಗೌಡರ ಅಳಿಯ

"ಲೇ ಕೊಜ್ಜಾ ನನ್ಮಕ್ಕಳಾ, ಎದ್ದು ಆಚೆ ಬರ್ರೋ!"

ಮೋಟಾರು ಮನೆಯ ತಗಡಿನ ಬಾಗಿಲು ಗೋಡೆಗೆ ಬಡಿದ ಸದ್ದಿಗೆ ನಮಗೆ ಎಚ್ಚರವಾಯಿತು. ಬೆಳಗ್ಗೆಯಿಂದ ಮಾವಿನ ಮರಗಳ ಒಣಕೊಂಬೆ ಕಡಿದು, ಮುದ್ದೆ ಉಂಡು, ಹಾಗೇ ಒರಗಿದ್ದೆವು. ಮುನೇಶನ ಕೈ ನನ್ನ ಎದೆಯ ಮೇಲಿತ್ತು. ನನ್ನ ಕಾಲು ಎಲ್ಲಿತ್ತೆಂದು ನಾನು ಹೇಳುವುದಿಲ್ಲ. ಬಾಗಿಲಲ್ಲಿ ತೋಟದ ಯಜಮಾನರು, ಶ್ರೀನಿವಾಸಪ್ಪಗೌಡರು, ಒಂದು ಚಪ್ಪಲಿ ಕಾಲಲ್ಲಿ ಇನ್ನೊಂದು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು.

"ತೋಟ ಕಾಯ್ರೋ ಅಂತ ಇಟ್ಕೊಂಡ್ರೆ ಇಲ್ಲಿ ಸಂಸಾರ ಹೂಡಿದ್ದೀರೇನ್ರೋ? ಥೂ! ನಿಮ್ಮಿಬ್ಬರಾಗೆ ಹೆಣ್ಣು ಯಾರ್ಲಾ?"

"ಇಬ್ರೂ ಗಂಡಸ್ರೇ ಸ್ವಾಮಿ," ಅಂದೆ.

"ಅದೆಂಗ್ಲಾ ಆಗ್ತದೆ? ಒಬ್ಬ ಹೆಣ್ಣಾಗಿರ್ಲೇಬೇಕಲ್ಲ!"

ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಗೌಡರಿಗೆ ಸಿಟ್ಟಿಗಿಂತ ಗೊಂದಲವೇ ಹೆಚ್ಚಾಗಿತ್ತು. ಸಂತೆಯಲ್ಲಿ ಕರುವಿನ ಬಾಲ ಎತ್ತಿ ನೋಡುವವರ ಹಾಗೆ ನನ್ನನ್ನೊಮ್ಮೆ ಮುನೇಶನನ್ನೊಮ್ಮೆ ನೋಡಿದರು. ಯಾವುದೂ ತಾಳೆಯಾಗದೆ ಕೊನೆಗೆ ಮುನೇಶನ ಕೆನ್ನೆಗೇ ಚಪ್ಪಲಿ ಬೀಸಿದರು. ಅವನು ನನಗಿಂತ ಸಣ್ಣಗಿದ್ದಾನೆ, ಅದಕ್ಕೆ.

"ಸ್ವಾಮಿ, ಹೊಡೀಬೇಡಿ. ಇದು ತಪ್ಪಲ್ಲ ಅಂತ ಕೋರ್ಟೇ ಹೇಳೈತೆ."

"ಕೋರ್ಟು ಡೆಲ್ಲಿಯಾಗೈತೆ ಕಣ್ಲಾ ಭೀಮ. ತೋಟ ನಂದು." ಗೌಡರು ಚಪ್ಪಲಿ ಕೆಳಗೆ ಹಾಕಿ ಕಾಲಿಗೆ ಮೆಟ್ಟಿಕೊಂಡರು. "ಅದಕ್ಕೇ ಮಳೆ ಹೋಗಿರೋದು! ಇಂಥ ಹೊಲಸು ತೋಟದಾಗೆ ಇಟ್ಕೊಂಡ್ರೆ ಮಳೆ ಎಲ್ಲಿಂದ ಬರ್ತೈತೆ?"

ಗುಡ್ಡದ ಮರ ಕಡಿಸಿ ಮಾರಿದವರು ಗೌಡರು. ಕೆರೆಗೆ ನೀರು ಬರುವ ಕಾಲುವೆ ಮುಚ್ಚಿ ಅದರ ಮೇಲೆ ಮಾವಿನ ಸಸಿ ನೆಟ್ಟವರು ಗೌಡರು. ಮಳೆ ಓಡಿಸಿದವರು ಮಾತ್ರ ನಾವು!

ನನ್ನ ಹೆಸರು ಭೀಮರಾಜ. ಯಲ್ದೂರು ದಾಟಿ ಒಳಗೆ ಹೋದರೆ ಸಿಗುವ ಊರು ನಮ್ಮದು. ನಾವಿಬ್ಬರೂ ಅಲ್ಲಿಯ ಕಾಲೋನಿಯವರು. ನನಗೆ ಅಪ್ಪ ಅಮ್ಮ ಇಲ್ಲ. ಮುನೇಶನಿಗೆ ಅಮ್ಮ ಇದ್ದಾಳೆ, ಮುನಿಯಲ್ಲಮ್ಮ. ಚಿಕ್ಕಂದಿನಲ್ಲಿ ನನಗೂ ಅವಳೇ ಮುದ್ದೆ ಹಾಕಿದವಳು. ವಿಷಯ ಗೊತ್ತಾದ ದಿನ ಪೊರಕೆ ಹಿಡಿದು ನನ್ನನ್ನು ಕಾಲೋನಿಯ ಕೊನೆಯವರೆಗೆ ಓಡಿಸಿದ್ದಳು. ನನ್ನ ಹಿಂದೆ ಅವಳು, ಅವಳ ಹಿಂದೆ ಮುನೇಶ. ಅಂದಿನಿಂದ ನಮಗೆ ಇದ್ದದ್ದು ಈ ಮೋಟಾರು ಮನೆಯೊಂದೇ. ಬೋರ್‌ವೆಲ್ ಸ್ಟಾರ್ಟರಿನ ಪಕ್ಕ ಒಂದು ಚಾಪೆ, ಎರಡು ತಟ್ಟೆ. ಈ ಸೂರು ಹೋದರೆ ಅವನೊಂದು ಕಡೆ, ನಾನೊಂದು ಕಡೆ.

ಮಾರನೆಯ ದಿನ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಊರವರು ಕಟ್ಟೆಯ ಮೇಲೆ, ಕಾಲೋನಿಯವರು ಕೆಳಗೆ, ನಾವಿಬ್ಬರು ಅವರಿಗಿಂತಲೂ ಆಚೆ ಬಿಸಿಲಲ್ಲಿ. ದೇವಸ್ಥಾನದ ಅರ್ಚಕರಾದ ಉಮಾಶಂಕರ ಶಾಸ್ತ್ರಿಗಳು ಶಲ್ಯ ಸರಿ ಮಾಡಿಕೊಂಡು ಶುರು ಮಾಡಿದರು.

"ನೋಡಿ, ಪುರುಷ ಪ್ರಕೃತಿ ಅಂತ ಎರಡು ತತ್ತ್ವ. ಆಕಾಶ ಪುರುಷ, ಭೂಮಿ ಪ್ರಕೃತಿ. ಇವೆರಡೂ ಸೇರಿದ್ರೆ ಸೃಷ್ಟಿ. ಪುರುಷ ಹೋಗಿ ಪುರುಷನ್ನೇ ಸೇರಿದ್ರೆ? ಅಪಚಾರ! ಆಕಾಶ ಮುಖ ತಿರುಗಿಸ್ಕೊಂಡು ಬಿಡುತ್ತೆ."

ಎಲ್ಲರೂ ತಲೆಯೆತ್ತಿ ಆಕಾಶ ನೋಡಿದರು. ಅದು ಎಂದಿನ ಹಾಗೆ ಖಾಲಿಯಾಗಿತ್ತು.

ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮುನೇಶನನ್ನು ಮಾಲೂರು ಕಡೆ ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತುವ ಸೋದರಮಾವನ ಹತ್ತಿರ ಕಳಿಸಿ, ಯಾವುದಾದರೂ ಹುಡುಗಿ ನೋಡಿ ಗಂಟು ಹಾಕಬೇಕು. ನಾನು ಹಾಳಾಗಿ ಎಲ್ಲಿಗಾದರೂ ಹೋಗಬೇಕು. ಭಾನುವಾರ ಇಬ್ಬರೂ ಊರು ಬಿಡಬೇಕು, ಬೇರೆ ಬೇರೆ ಬಸ್ಸಿಗೆ. ಮುನಿಯಲ್ಲಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಮುನೇಶ ನೆಲ ನೋಡುತ್ತ ನಿಂತಿದ್ದ. ಅವನು ಮೊದಲಿಂದಲೂ ಮಾತಿನವನಲ್ಲ. ಒಂದು ಬೈಗುಳಕ್ಕೂ ತಿರುಗಿ ಉತ್ತರ ಕೊಟ್ಟವನಲ್ಲ.

ನಮ್ಮದು ಮುಗಿಯಿತೆಂದು ಪಂಚಾಯ್ತಿ ಮುಂದಿನ ವಿಷಯಕ್ಕೆ ಹೋಯಿತು. ಮಳೆ ಮದುವೆ.

ಮಳೆ ಕೈಕೊಟ್ಟ ವರ್ಷ ನಮ್ಮೂರಲ್ಲಿ ಇಬ್ಬರು ಗಂಡುಹುಡುಗರಿಗೆ ಮದುವೆ ಮಾಡುತ್ತಾರೆ. ಒಬ್ಬನಿಗೆ ಪಂಚೆ, ಇನ್ನೊಬ್ಬನಿಗೆ ಸೀರೆ. ಬಾಸಿಂಗ ಕಟ್ಟಿ, ಅರಿಶಿನದ ಕೊಂಬಿನ ತಾಳಿ ಕಟ್ಟಿಸಿ, ಊರೆಲ್ಲ ಮೆರೆಸುತ್ತಾರೆ. ಹೆಂಗಸರು ಬಾಯಿಗೆ ಬಂದಂತೆ ಬೈದು ಹಾಡುತ್ತಾರೆ, ತಲೆಯ ಮೇಲೆ ಸಗಣಿ ನೀರು ಹೊಯ್ಯುತ್ತಾರೆ. ಹುಡುಗರು ಯಾವಾಗಲೂ ಕಾಲೋನಿಯವರೇ ಆಗಬೇಕು. ಸಗಣಿ ನೀರು ಹೊಯ್ಯಿಸಿಕೊಳ್ಳುವ ಮರ್ಯಾದೆಯನ್ನು ಊರೊಳಗಿನವರು ಯಾವತ್ತೂ ತಮಗೆ ಬೇಕೆಂದು ಕೇಳಿದ್ದಿಲ್ಲ.

ಈ ಸಲ ಕಾಲೋನಿಯ ತಾಯಂದಿರೂ ತಿರುಗಿಬಿದ್ದರು.

"ನಮ್ ಹುಡುಗಂಗೆ ಟೆಸ್ಟ್ ಐತೆ."

"ಮೊಬೈಲ್ನಾಗೆ ವಿಡಿಯೋ ಹಾಕ್ತಾರೆ. ಕಾನ್ವೆಂಟ್ನಾಗೆ ಆಡ್ಕೊಂಡ್ ನಗ್ತಾರೆ. ನಾ ಕಳ್ಸಾಕಿಲ್ಲ, ಬೇಕಾದ್ರೆ ನಿಮ್ ಮೊಮ್ಮಗನ್ನ ಕೂರ್ಸಿ ಗೌಡ್ರೇ."

ಗೌಡರ ಮುಖ ಕೆಂಪಾಯಿತು. ಆಗ ನನ್ನ ಬಾಯಿ ನನ್ನ ಮಾತು ಕೇಳದೆ ತೆರೆದುಕೊಂಡಿತು.

"ನಾವಿದೀವಲ್ಲ ಸ್ವಾಮಿ. ಹೆಂಗೂ ಭಾನುವಾರದವರೆಗೆ ಖಾಲಿ ಇರ್ತೀವಿ."

ಮುನೇಶ ಗಾಬರಿಯಿಂದ ನನ್ನ ಅಂಗಿ ಜಗ್ಗಿದ. ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು. ಗೌಡರು ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಹೊಟ್ಟೆ ಕುಣಿಸಿ ನಗತೊಡಗಿದರು. "ಶಬಾಷ್ ರಾ! ಹೋಗೋ ನಾಯಿಗಳು ಊರಿಗೊಂದು ಕೆಲ್ಸ ಮಾಡಿಕೊಟ್ಟೇ ಹೋಗ್ಲಿ. ಸಗಣಿ ನೀರು ಚೆನ್ನಾಗಿ ಗಟ್ಟಿಗೆ ಕಲ್ಸಿ ಇಟ್ಕೊಳ್ರಮ್ಮ."

"ಗೌಡರೇ, ಅದು ಚಿಕ್ಕ ಹುಡುಗರಿಗೆ ಮಾಡೋ ಆಟ..." ಶಾಸ್ತ್ರಿಗಳು ತಡವರಿಸಿದರು.

"ಯಾಕೆ ಸ್ವಾಮಿ, ಗಂಡು ಗಂಡಿಗೆ ಮದುವೆ ಮಾಡೋದು ಮೊದಲಿಂದ ಬಂದಿದ್ದೇ ಅಲ್ವಾ?" ಅಂದೆ.

"ಅದು ಬೇರೆ ಕಣಯ್ಯ. ಅದು ಸಂಕೇತ."

ಆಗಷ್ಟೇ ಅಪಚಾರವಾಗಿದ್ದದ್ದು ಎಲೆಯಡಿಕೆ ಹಾಕಿ ಉಗುಳುವಷ್ಟರಲ್ಲಿ ಸಂಕೇತವಾಗಿತ್ತು. ಮುನಿಯಲ್ಲಮ್ಮ ಮೂಗೊರೆಸಿಕೊಂಡು ನಡುವೆ ಬಾಯಿ ಹಾಕಿದಳು. "ಸಂಕೇತಾನೂ ಇಲ್ಲ, ಏನೂ ಇಲ್ಲ. ಗಂಡೂ ಗಂಡೂ ಮದ್ವೆ ನೋಡಿ ಮ್ಯಾಲಿರೋನಿಗೆ ನಗು ಬರ್ತೈತೆ. ನಕ್ಕೂ ನಕ್ಕೂ ಕಣ್ಣಾಗೆ ನೀರು ಬರ್ತೈತೆ. ಅದೇ ಮಳೆ. ನಮ್ಮಜ್ಜಿ ಹೇಳ್ತಿದ್ಲು."

ಶಾಸ್ತ್ರಿಗಳ ತತ್ತ್ವಕ್ಕಿಂತ ಇದು ಎಲ್ಲರಿಗೂ ಸುಲಭವಾಗಿ ಅರ್ಥವಾಯಿತು. ನಾನು ಇನ್ನೊಂದು ಹೆಜ್ಜೆ ಮುಂದಿಟ್ಟೆ. "ಆದ್ರೆ ಕಾಟಾಚಾರಕ್ಕೆ ಮಾಡಿದ್ರೆ ಮಳೇನೂ ಕಾಟಾಚಾರಕ್ಕೇ ಬರ್ತೈತೆ. ಹೋದ ಸಲ ಮಂತ್ರ ಇಲ್ಲ, ಧಾರೆ ಇಲ್ಲ. ಏನ್ ಬಂತು? ಧೂಳು ಅಡಗೋಷ್ಟು ಹನಿ. ಈ ಸಲ ಶಾಸ್ತ್ರ ಪೂರ್ತಿ ಆಗ್ಬೇಕು."

"ನಿಜ, ನಿಜ," ಎಂದು ಹೆಂಗಸರೆಲ್ಲ ತಲೆಯಾಡಿಸಿದರು. ಗೌಡರ ರಾಗಿ ಹೊಲವೇ ಎಲ್ಲರಿಗಿಂತ ದೊಡ್ಡದು. ಅದು ಒಣಗುತ್ತಿತ್ತು. ಅವರೂ ತಲೆಯಾಡಿಸಿದರು.

ನನ್ನ ತಲೆಯಲ್ಲಿ ದೊಡ್ಡ ಉಪಾಯವೇನೋ ಇತ್ತೆಂದು ತಿಳಿಯಬೇಡಿ. ಬಿಟ್ಟುಹೋಗುವ ಮುಂಚೆ ಮುನೇಶನ ಹಣೆಗೆ ಬಾಸಿಂಗ ಕಟ್ಟಿದ್ದನ್ನು ಒಂದು ಸಲ ಕಣ್ತುಂಬ ನೋಡಬೇಕಾಗಿತ್ತು, ಅಷ್ಟೇ.

ಮದುವೆಯ ದಿನ ನಮ್ಮನ್ನು ಗೌಡರ ಹಿತ್ತಲಿನ ದನದ ಕೊಟ್ಟಿಗೆಯಲ್ಲಿ ಕೂರಿಸಿದರು. ಸೀರೆ ಯಾರು ಉಡಬೇಕು ಎಂಬ ಪ್ರಶ್ನೆ ಬಂತು. ಗೌಡರಿಗೆ ಮೊದಲಿಂದಲೂ ಇದ್ದ ಪ್ರಶ್ನೆಯೇ ಅದು. ಗೌಡರ ಹೆಂಡತಿ ಗಂಗಾಲಕ್ಷ್ಮಮ್ಮ ತಮ್ಮ ಹಳೆಯ ರೇಷ್ಮೆ ರವಿಕೆ ತಂದು ನನ್ನ ಮುಂದೆ ಎಸೆದರು. ಅದು ನನ್ನ ತೋಳಿಗೆ ಮೊಣಕೈಯವರೆಗೂ ಏರಲಿಲ್ಲ. ಮುನೇಶನಿಗೆ ಹೊಲಿಸಿದ ಹಾಗೆ ಕೂತಿತು. ಶಾಸ್ತ್ರಿಗಳ ಪುರುಷ ಪ್ರಕೃತಿಯ ವಿಚಾರವನ್ನು ಕೊನೆಗೆ ರವಿಕೆಯ ಅಳತೆ ತೀರ್ಮಾನ ಮಾಡಿತು.

"ಮೀಸೆ ಬೋಳಿಸು," ಅಂದರು ಶಾಸ್ತ್ರಿಗಳು.

"ಬೋಳ್ಸಲ್ಲ," ಅಂದ ಮುನೇಶ. ಅವತ್ತು ಅವನ ಬಾಯಿಂದ ಬಂದ ಮೊದಲನೇ ಮಾತು ಅದು.

"ಹೆಣ್ಣಿಗೆ ಎಲ್ಲಾದ್ರೂ ಮೀಸೆ ಇರುತ್ತೇನಯ್ಯ?"

"ಇರ್ಲಿ ಬಿಡಿ ಸ್ವಾಮಿ," ಗಂಗಾಲಕ್ಷ್ಮಮ್ಮ ನಗು ತಡೆದುಕೊಂಡು ಹೇಳಿದರು. "ನಮ್ಮತ್ತೆಗೂ ಇತ್ತು."

ಚಪ್ಪರದ ಕೆಳಗೆ ಅವನನ್ನು ಕರೆತಂದಾಗ ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಹಳದಿ ಸೀರೆ, ಹಣೆಗೆ ಬಾಸಿಂಗ, ಮುಡಿತುಂಬ ಕನಕಾಂಬರ, ಕೆನ್ನೆಗೆ ಅರಿಶಿನ, ಅದರ ನಡುವೆ ಕಪ್ಪು ಮೀಸೆ. ನಾನೂ ನಗುತ್ತಲೇ ನೋಡಿದೆ. ನನ್ನ ಮುನೇಶ ಎಷ್ಟು ಚೆನ್ನಾಗಿ ಕಾಣುತ್ತಿದ್ದ! ನಗುವವರಿಗೆ ಅದು ಗೊತ್ತಾಗಲಿಲ್ಲ.

ಧಾರೆಗೆ ಹೆಣ್ಣಿನ ತಂದೆ ಬೇಕಾಯಿತು. ಊರ ಯಜಮಾನನೇ ತಂದೆಯ ಸ್ಥಾನದಲ್ಲಿ ನಿಲ್ಲುವುದು ಮಳೆ ಮದುವೆಯ ಹಳೆಯ ಪದ್ಧತಿ. ಗೌಡರು ಬಂದು ನಿಂತರು. ನಮ್ಮ ಕೈಗೆ ಅವರ ಕೈ ತಾಗಬಾರದೆಂದು ಚೊಂಬನ್ನು ತಲೆಯಷ್ಟು ಎತ್ತರಕ್ಕೆ ಹಿಡಿದು ಹಾಲುನೀರು ಬಿಟ್ಟರು. ಅರ್ಧ ನಮ್ಮ ಕೈಗೆ ಬಿತ್ತು, ಅರ್ಧ ಮುಖಕ್ಕೆ. ಶಾಸ್ತ್ರಿಗಳು ದೂರ ನಿಂತು ತುಟಿಯೊಳಗೇ ಏನೋ ಗೊಣಗಿ ಮುಗಿಸಲು ನೋಡಿದರು.

"ಸ್ವಾಮಿ, ಮಂತ್ರ ಅರ್ಧಕ್ಕೆ ನುಂಗ್ತಿದೀರ. ಮಳೆ ಅರ್ಧಕ್ಕೆ ನಿಂತ್ರೆ ನಮ್ಮನ್ನ ಕೇಳ್ಬೇಡಿ."

"ಪೂರ್ತಿ ಹೇಳ್ರೀ ಶಾಸ್ತ್ರಿಗಳೇ!" ಗೌಡರು ಗದರಿದರು.

ಶಾಸ್ತ್ರಿಗಳು ಬೆವರುತ್ತ ಪೂರ್ತಿ ಹೇಳಿದರು. ತಾಳಿಯನ್ನು ಮೇಲಿಂದ ನನ್ನ ಬೊಗಸೆಗೆ ಬೀಳಿಸಿದರು. ತಮಟೆ ಜೋರಾಯಿತು. ಗಂಟು ಹಾಕುವಾಗ ದಾರ ಜಾರಿತು. ಮುನೇಶ ಕತ್ತು ಬಗ್ಗಿಸಿಕೊಂಡೇ, "ಬಿಗಿಯಾಗಿ ಕಟ್ಟೋ," ಅಂದ.

ಆಮೇಲೆ ಹೆಂಗಸರ ಸರದಿ. ಹೆಣ್ಣಿನ ಕಡೆಯವಳೆಂದು ಮುನಿಯಲ್ಲಮ್ಮನನ್ನೇ ಮುಂದೆ ನೂಕಿದರು. ಬೈದು ಹಾಡುವುದರಲ್ಲಿ ಅವಳ ಸಮ ಯಾರೂ ಇಲ್ಲ.

"ಅಳಿಯ ಬಂದ ನೋಡ್ರಮ್ಮಾ, ಹರಕು ಚಡ್ಡಿ ಹಾಕ್ಕೊಂಡು,
ನಮ್ ಹುಡುಗಿ ಮೀಸೆ ನೋಡಿ ಬಿದ್ದ ತಲೆ ಸುತ್ಕೊಂಡು!"

ಹಾಡುತ್ತಲೇ ಸಗಣಿ ನೀರಿನ ಬಿಂದಿಗೆ ಎತ್ತಿ ನನ್ನ ತಲೆಯ ಮೇಲೆ ಸುರಿದಳು. ಸುರಿಯಲು ಬಗ್ಗಿದವಳು ಕಿವಿಯ ಹತ್ತಿರ ಬಾಯಿ ತಂದು, ಯಾರಿಗೂ ಕೇಳದ ಹಾಗೆ, "ಚೆನ್ನಾಗಿ ನೋಡ್ಕೊಳ್ಳಲಾ ಬೇವರ್ಸಿ. ಹೊಟ್ಟೆ ಹಸಿದ್ರೂ ಬಾಯ್ಬಿಟ್ಟು ಕೇಳೋನಲ್ಲ ಅವ್ನು," ಅಂದಳು. ನನ್ನ ಕಣ್ಣಲ್ಲಿ ನೀರು ಬಂತು. ಸಗಣಿ ನೀರು ಕಣ್ಣಿಗೆ ಹೋಗಿದೆಯೆಂದು ಜನ ಇನ್ನಷ್ಟು ನಕ್ಕರು.

ಮೆರವಣಿಗೆ ಊರ ಬಾಗಿಲಿಗೆ ಬರುವ ಹೊತ್ತಿಗೆ ಆಂಧ್ರದ ಕಡೆಯಿಂದ ಕಪ್ಪಗೆ ಮೋಡ ಎದ್ದಿತು. ತಮಟೆಯವರು ತಮಟೆ ನೆನೆಯುತ್ತದೆಂದು ಮೊದಲು ಓಡಿದರು. ಆಮೇಲೆ ಎಲ್ಲರೂ ಓಡಿದರು. ಎಂಥ ಮಳೆ ಅಂತೀರಿ! ಮುಚ್ಚಿದ್ದ ಕಾಲುವೆಯ ಮೇಲಿನ ಗೌಡರ ಮಾವಿನ ಸಸಿಗಳನ್ನು ಕಿತ್ತುಕೊಂಡು ನೀರು ಕೆರೆಗೆ ನುಗ್ಗಿತು. ಮದುವೆ ಮುಗಿದ ಮೇಲೆ ಅವತ್ತೇ ತಾಳಿ ಬಿಚ್ಚಿ ನೀರಿಗೆ ಬಿಡುವುದು ವಾಡಿಕೆ. ಮಳೆ ಬಂದ ಸಡಗರದಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ನಾವು ಸಗಣಿ, ಅರಿಶಿನ ಎಲ್ಲ ಮಳೆಯಲ್ಲೇ ತೊಳೆದುಕೊಂಡು ಮೋಟಾರು ಮನೆಗೆ ಹೋಗಿ ಬಾಗಿಲು ಹಾಕಿಕೊಂಡೆವು.

ಭಾನುವಾರ ಬಂತು. ಬಸ್ಸುಗಳು ನಮ್ಮನ್ನು ಬಿಟ್ಟು ಹೋದವು. ಗೌಡರೂ ಶಾಸ್ತ್ರಿಗಳೂ ಕೆಸರು ತುಳಿದುಕೊಂಡು ತೋಟಕ್ಕೆ ಬಂದರು.

"ಆಟ ಮುಗೀತು," ಅಂದರು ಗೌಡರು. "ತಾಳಿ ಬಿಚ್ಚಿ ಕೊಟ್ಟು ಜಾಗ ಖಾಲಿ ಮಾಡ್ರೋ."

"ವಿಸರ್ಜನೆ ಆಗಬೇಕು," ಅಂದರು ಶಾಸ್ತ್ರಿಗಳು.

"ಆಗ್ಲಿ ಸ್ವಾಮಿ," ಅಂದೆ. "ಕಟ್ಟು ಅಂದೋರು ನೀವು, ಕಟ್ಟಿದೆ. ಬಿಚ್ಚೋದು ಮಾತ್ರ ನನ್ ಕೈಲಾಗಲ್ಲ. ನೀವೇ ಬಿಚ್ಚಿ."

ಮುನೇಶ ಅಂಗಿಯ ಗುಂಡಿ ತೆಗೆದು, ಅರಿಶಿನದ ಕೊಂಬು ಹೊರಗೆ ತಂದು, ಕತ್ತು ಮುಂದೆ ಚಾಚಿದ. ಶಾಸ್ತ್ರಿಗಳು ಗೌಡರನ್ನು ನೋಡಿದರು. ಗೌಡರು ಶಾಸ್ತ್ರಿಗಳನ್ನು ನೋಡಿದರು. ಪಕ್ಕದ ಹೊಲದಲ್ಲಿ ರಾಗಿ ಕಳೆ ತೆಗೆಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿ ನಿಂತರು. ಮುನಿಯಲ್ಲಮ್ಮ ಕಳೆ ಕೀಳುವ ಕುರ್ಚಿಗೆ ಹಿಡಿದುಕೊಂಡೇ ಬದುವಿಗೆ ಬಂದಳು.

"ಮುಟ್ರಿ ನೋಡಾಣ! ರಾಗಿ ಈಗ್ತಾನೆ ಬುಡದಾಗೆ ಮರಿ ತೆಂಡೆ ಒಡೀತೈತೆ. ನೀವು ತಾಳಿ ಕಿತ್ತಾಕಿ, ಮೋಡ ಹಂಗೇ ಹೊಂಟೋದ್ರೆ? ನಮ್ ಮಕ್ಳಿಗೆ ಮುದ್ದೆ ನೀವ್ ಹಾಕ್ತೀರಾ?"

"ನಮ್ ಹೊಲದ್ದು ಏನಾದ್ರೂ ಆದ್ರೆ ಶಾಸ್ತ್ರಿಗಳ ಮನೆ ಮುಂದೇ ಕೂರ್ತೀವಿ," ಇನ್ನೊಬ್ಬಳು ಕೂಗಿದಳು.

ಶಾಸ್ತ್ರಿಗಳಿಗೆ ತಕ್ಷಣ ಪಂಚಾಂಗದಲ್ಲಿ ವಿಸರ್ಜನೆಗೆ ದಿನ ಸರಿಯಿಲ್ಲದ್ದು ಹೊಳೆಯಿತು. ಗೌಡರು ಹಲ್ಲು ಕಚ್ಚಿದರು. "ತಾಳಿ ಇರ್ಲಿ. ಕುಯ್ಲಾಗೋಗಂಟ ಇರ್ಲಿ," ಎಂದು ಹೇಳಿ ಹೋದರು.

ಗೌಡರು ಅಷ್ಟಕ್ಕೇ ಬಿಡುವವರಲ್ಲ. ಗೌರಿ ಹಬ್ಬದ ದಿನ ಬೆಳಗ್ಗೆ ನಾವು ಕೆರೆಯಲ್ಲಿ ಮಿಂದು ಬರುವಷ್ಟರಲ್ಲಿ ಮೋಟಾರು ಮನೆಗೆ ಹೊಸ ಬೀಗ ಬಿದ್ದಿತ್ತು. ಚಾಪೆ, ತಟ್ಟೆ, ಬಟ್ಟೆಗಂಟು ಎಲ್ಲ ಕೆಸರಲ್ಲಿದ್ದವು. ಗೌಡರ ಆಳು ಬೇಲಿಯಾಚೆ ನಿಂತು ಅವರ ಮಾತು ಒಪ್ಪಿಸಿದ. "ತಾಳಿ ನಾನೇನೂ ಮುಟ್ಟಿಲ್ಲ. ಒಬ್ಬ ಕಾಲೋನಿಯಾಗಿರ್ಲಿ, ಒಬ್ಬ ಯಲ್ದೂರಾಗಿರ್ಲಿ. ಒಂದೇ ಸೂರಿನಾಗೆ ಇರಕೂಡ್ದು. ಇಬ್ರಿಗೂ ಯಾರಾದ್ರೂ ಜಾಗ ಕೊಟ್ರೆ ಅವ್ರಿಗೆ ನಮ್ ಹೊಲದಾಗೆ ಕೂಲಿ ಇಲ್ಲ."

ಸತ್ಯವಾಗಿ ಹೇಳುತ್ತೇನೆ, ನನ್ನ ಕುಚೋದ್ಯವೆಲ್ಲ ಅಲ್ಲಿಗೆ ಮುಗಿದುಹೋಗಿತ್ತು. ಕೆಸರಲ್ಲಿ ಕೂತು ತಟ್ಟೆ ಒರೆಸುತ್ತ ಕಾಲೋನಿಯ ಒಂದೊಂದೇ ಮನೆ ನೆನೆದೆ. ಯಾರ ಹೊಟ್ಟೆಗೆ ಹೊಡೆದು ನಾವು ಸೂರು ಕೇಳುವುದು? ಮುನೇಶ ಮಾತ್ರ ಚಾಪೆ ಕೊಡವಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡ.

"ಏಳೋ. ಹೋಗಾಣ."

"ಎಲ್ಲಿಗೋ?"

"ಇರೋಕೆ ಜಾಗ ಇಲ್ದಿದ್ರೆ ಮದ್ವೆ ಆದೋಳು ಎಲ್ಲಿಗೆ ಹೋಗ್ತಾಳೆ? ತೌರಿಗೆ."

ನಾನು ಅವನ ಮುಖವನ್ನೇ ನೋಡಿದೆ. ಅವನು ನಗುತ್ತಿರಲಿಲ್ಲ. ಆಗಲೇ ಊರ ಕಡೆ ತಿರುಗಿ ನಡೆಯತೊಡಗಿದ್ದ.

ಪ್ಯಾಂಟು, ಅಂಗಿ, ಅಂಗಿಯ ಮೇಲೆ ಎದ್ದು ಕಾಣುವ ಹಾಗೆ ಅರಿಶಿನದ ಕೊಂಬು, ಕಂಕುಳಲ್ಲಿ ಚಾಪೆ. ಮುಂದೆ ಅವನು, ಹಿಂದೆ ತಟ್ಟೆ ಹಿಡಿದ ನಾನು. ಕಾಲೋನಿ ದಾಟುವಾಗ ಮುನಿಯಲ್ಲಮ್ಮ ನೋಡಿ, ಏನೂ ಕೇಳದೆ, ಕೈ ಒರೆಸಿಕೊಂಡು ಹಿಂದೆ ಬಂದಳು. ಅವತ್ತು ಕಳೆ ತೆಗೆಯುತ್ತಿದ್ದ ಹೆಂಗಸರೂ ಬಂದರು. ಊರೊಳಗೆ ಬಾಗಿನದ ಮೊರ ಹಿಡಿದು ಓಡಾಡುತ್ತಿದ್ದವರು ಅಲ್ಲಲ್ಲೇ ನಿಂತರು. ಮೇಲೆ ಮೋಡ ದಟ್ಟವಾಗಿ ಕವಿದಿತ್ತು.

ಗೌಡರು ಹೊಸ ಪಂಚೆಯುಟ್ಟು ಜಗುಲಿಯ ಮೇಲೆ ಕೂತಿದ್ದರು. ಆ ಜಗುಲಿಗೆ ನಮ್ಮ ಕಡೆಯವರು ಯಾವ ಕಾಲಕ್ಕೂ ಹತ್ತಿದ್ದಿಲ್ಲ. ಮುನೇಶ ಹತ್ತಿದ. ನಾನೂ ಹತ್ತಿದೆ.

"ಏಯ್! ಏನ್ಲಾ ಇದು?" ಗೌಡರು ಎದ್ದು ನಿಂತರು.

"ಹಬ್ಬಕ್ಕೆ ಬಂದ್ವಿ ಅಪ್ಪಾ," ಅಂದ ಮುನೇಶ.

"ಯಾವನ್ಲಾ ಅಪ್ಪ ನಿಂಗೆ? ಇಳೀರೋ ಕೆಳಗೆ! ಹಿತ್ಲ ಕಡೆ ಹೋಗಿ ಕೂತ್ಕೊಳ್ಳಿ, ಒಬ್ಬಟ್ಟು ಹಾಕುಸ್ತೀನಿ, ತಿಂದು ಸಾಯಿರಿ."

"ಹಿತ್ಲಿಗೆ ಕೂಲಿಯೋರು ಹೋಗ್ತಾರೆ. ನಾನು ನೀವು ಧಾರೆ ಎರ್ದು ಕೊಟ್ಟ ಮಗ್ಳು. ನಾನ್ ಕೂಲಿಗೆ ಬಂದಿಲ್ಲ, ಇರೋಕೆ ಬಂದಿದೀನಿ." ಮುನೇಶನ ದನಿ ಒಂದಿಷ್ಟೂ ಏರಲಿಲ್ಲ. ನನ್ನ ಕಡೆ ತಿರುಗಿ, "ನಮ್ಮ ಯಜಮಾನ್ರಿಗೆ ಕಾಲಿಗೆ ನೀರು ಕೊಡಿಸಿ," ಅಂದ.

ಬೀದಿಯಲ್ಲಿ ಯಾರೋ ನಕ್ಕರು. ಉಳಿದವರು ನಗಲಿಲ್ಲ. ಗೌಡರು ಅವನ ಕತ್ತಿನ ದಾರಕ್ಕೆ ಕೈ ಹಾಕಲು ಮುಂದೆ ಬಂದರು. "ತಾಳೀ! ತಾಳೀ!" ಎಂದು ಬೀದಿಯ ಹೆಂಗಸರೆಲ್ಲ ಒಟ್ಟಿಗೇ ಕಿರುಚಿದರು. ಆ ಕೂಗಿಗೆ ಗಂಗಾಲಕ್ಷ್ಮಮ್ಮ ಕೈಯಲ್ಲಿ ಹೋಳಿಗೆ ಹಿಟ್ಟು ಮೆತ್ತಿಕೊಂಡೇ ನಡುಮನೆಯಿಂದ ಓಡಿಬಂದು ಬಾಗಿಲಲ್ಲಿ ನಿಂತರು. ಗಂಡನ ಮುಖ ನೋಡಿದರು. ಮುನೇಶನ ಮುಖ ನೋಡಿದರು. ಆಮೇಲೆ ಸ್ವಲ್ಪವೇ ಪಕ್ಕಕ್ಕೆ ಸರಿದರು.

ಗೌಡರ ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು. ಮುನೇಶ ಚಾಪೆಯನ್ನು ಕಂಕುಳಿಗೆ ಇನ್ನೊಂದಿಷ್ಟು ಬಿಗಿಯಾಗಿ ಒತ್ತಿ, ಹೊಸಿಲು ದಾಟಿ ಬಲಗಾಲಿಟ್ಟು ಒಳಗೆ ಹೋದ.